ವಾರವೆಲ್ಲ ಅರ್ಧ ಮುದ್ದೆ, ಶನಿವಾರ ಪೂರ್ತಿ ಕ್ವಾಟ್ರು: ತೂಕ ಯಾಕೆ ಇಳೀತಿಲ್ಲ?

ಸೋಡಾಬುಡ್ಡಿ (ವಿಜಯನಗರ, ಬೆಂಗಳೂರು) · ಆಗಸ್ಟ್, ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ವಯಸ್ಸು 41, ಎತ್ತರ 5 ಅಡಿ 7 ಇಂಚು. ಮೇ ತಿಂಗಳಲ್ಲಿ ಆಫೀಸಿನವರು ಹೆಲ್ತ್ ಚೆಕಪ್ ಮಾಡಿಸಿದರು. ತೂಕ 86.2 ಕೆಜಿ, ಸೊಂಟ 102 ಸೆಂಟಿಮೀಟರ್, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ಡಾಕ್ಟರ್ ರಿಪೋರ್ಟ್ ನೋಡಿ ನನ್ನ ಮುಖ ನೋಡಿದರು, ಮುಖ ನೋಡಿ ಹೊಟ್ಟೆ ನೋಡಿದರು. ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಅವತ್ತಿನಿಂದ ಮಸಾಲೆ ದೋಸೆ ಬಂದ್. ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ ಕಮ್ಮಿ. ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು. ಕಾಫಿಗೆ ಸಕ್ಕರೆ ಇಲ್ಲ. ಸಂಜೆ 5 ಕಿಲೋಮೀಟರ್ ನಡಿಗೆ, ಮಳೆ ಬಂದರೂ ಛತ್ರಿ ಹಿಡಿದು. ಮೂರು ತಿಂಗಳು ಹೀಗೆ ಮಾಡಿ ಇವತ್ತು ತಕ್ಕಡಿ ಹತ್ತಿದರೆ 85.4. ಒಂದು ಕೆಜಿಯೂ ಪೂರ್ತಿ ಇಳಿದಿಲ್ಲ.

ನಾನು ಬಿಡದೆ ಇರೋದು ಒಂದೇ. ಶನಿವಾರ ಸಂಜೆ ಗೆಳೆಯರ ಜೊತೆ ಕೂರೋದು. ಮೂರು ಪೆಗ್ ರಮ್, ಅಷ್ಟೇ. ರಮ್‌ನಲ್ಲಿ ಕೊಬ್ಬಿಲ್ಲ, ಬಾಟಲಿಯಲ್ಲಿ ಸಕ್ಕರೆಯೂ ಇಲ್ಲ ಅಂತಾರೆ. ಹಾಗಾದ್ರೆ ದಪ್ಪ ಆಗೋದು ಹೇಗೆ? ಒಬ್ಬ ಗೆಳೆಯ ರೆಡ್ ವೈನ್‌ಗೆ ಬದಲಾಯಿಸು, ಹೃದಯಕ್ಕೂ ಒಳ್ಳೇದು ಅಂತಾನೆ. ಇನ್ನೊಬ್ಬ ವೋಡ್ಕಾಗೆ ಸೋಡಾ ಹಾಕಿದರೆ ಕ್ಯಾಲೊರಿ ಸೊನ್ನೆ ಅಂತಾನೆ. ಗೊತ್ತಿರುವವರು ಹೇಳಿ. ಬೈಯೋದಾದರೆ ಮೆಲ್ಲಗೆ ಬೈಯಿರಿ.

ನೇರನುಡಿ

ಬಿಟ್ಟುಬಿಡಿ. ಚರ್ಚೆ ಮುಗೀತು.

ಗಿರ್ಮಿಟ್‌ಪ್ರಿಯ (ಹುಬ್ಬಳ್ಳಿ)

ನೇರನುಡಿ ಸಾಹೇಬ್ರ, ಹಂಗ ಬಿಡೂದಿದ್ರ ಅವರು ಇಲ್ಲಿ ಬಂದು ಕೇಳ್ತಿದ್ರೇನ್ರಿ? ಇರ್ಲಿ ಬಿಡ್ರಿ.

ನನಗೂ ಒಂದು ಅನುಮಾನ. ನಮ್ಮಜ್ಜ ವಾರಕ್ಕೆ ನಾಲ್ಕು ದಿನ ಸಾರಾಯಿ ಕುಡಿಯುತ್ತಿದ್ದ. ಹೊಟ್ಟೆ ಅನ್ನೋದು ಇರಲೇ ಇಲ್ಲ, ಬೆನ್ನಿಗೆ ಅಂಟಿಕೊಂಡಿತ್ತು. ನಾನು ತಿಂಗಳಿಗೆ ನಾಲ್ಕು ಬಿಯರ್ ಕುಡಿದರೆ ಅಂಗಿ ಗುಂಡಿ ಹಾಕೋಕೆ ಬರಲ್ಲ. ಇದೇನು ನ್ಯಾಯ?

ಪಥ್ಯದಕ್ಕ (ಶಿವಮೊಗ್ಗ)

ನಾನು ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ಸೋಡಾಬುಡ್ಡಿ ಅವರ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತೆ. ಸಾಮಾನ್ಯವಾಗಿ ಹೆಂಡತಿ ಹೊರಗೆ ಹೋದ ಮೇಲೆ ಕೇಳುತ್ತಾರೆ.

ಕೊಬ್ಬಿಲ್ಲ, ಸಕ್ಕರೆ ಇಲ್ಲ ಅನ್ನೋದು ಬಹುಮಟ್ಟಿಗೆ ನಿಜ. ಆದರೆ ಆಲ್ಕೋಹಾಲೇ ಒಂದು ಇಂಧನ. ಒಂದು ಗ್ರಾಂ ಅನ್ನದ ಪಿಷ್ಟಕ್ಕೆ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಗೆ 9. ಒಂದು ಗ್ರಾಂ ಆಲ್ಕೋಹಾಲ್‌ಗೆ 7. ಅಂದರೆ ಅಡುಗೆ ಎಣ್ಣೆಗೆ ಹತ್ತಿರ. ನಮ್ಮವರು ಅದನ್ನು 'ಎಣ್ಣೆ' ಅಂತ ಕರೆದದ್ದು ತಮಾಷೆಗೆ, ಆದರೆ ಲೆಕ್ಕ ಏನೂ ದೂರ ಇಲ್ಲ.

ಬಿಸ್ಕತ್ತು ಪೊಟ್ಟಣದ ಹಿಂದೆ ಇರೋ ಹಾಗೆ ಮದ್ಯದ ಬಾಟಲಿ ಮೇಲೆ ಕ್ಯಾಲೊರಿ ಪಟ್ಟಿ ಸಾಮಾನ್ಯವಾಗಿ ಸಿಗಲ್ಲ. ಆದರೆ ಆಲ್ಕೋಹಾಲ್ ಶೇ. 42.8 ಅಂತ ಇರುತ್ತೆ, ನೋಡಿ. ನಮ್ಮ ರಮ್, ವಿಸ್ಕಿ, ಬ್ರಾಂದಿ, ವೋಡ್ಕಾ ಬಹುಪಾಲು ಅಷ್ಟೇ. 60 ಎಂಎಲ್ ಲಾರ್ಜ್‌ನಲ್ಲಿ ಸುಮಾರು 26 ಎಂಎಲ್ ಶುದ್ಧ ಆಲ್ಕೋಹಾಲ್. ತೂಕ ಹಾಕಿದರೆ 20 ಗ್ರಾಂ. ಏಳರಿಂದ ಗುಣಿಸಿ, 140 ಕ್ಯಾಲೊರಿ. ವೋಡ್ಕಾಗೆ ಸೋಡಾ ಹಾಕಿದರೆ ಸೊನ್ನೆ ಇರೋದು ಸೋಡಾ ಮಾತ್ರ. ವೋಡ್ಕಾದ 140 ಎಲ್ಲೂ ಹೋಗಲ್ಲ. ಬಣ್ಣ ಇಲ್ಲ ಅಂದಮಾತ್ರಕ್ಕೆ ಕ್ಯಾಲೊರಿ ಇಲ್ಲ ಅಂತಲ್ಲ.

ಇನ್ನೊಂದಿದೆ. ಆಲ್ಕೋಹಾಲನ್ನು ಕೂಡಿಡೋಕೆ ದೇಹದಲ್ಲಿ ಜಾಗ ಇಲ್ಲ. ಹಾಗಾಗಿ ಲಿವರ್ ಮೊದಲು ಅದನ್ನೇ ಸಾಗಹಾಕುತ್ತೆ. ಮನೆಗೆ ಅಳಿಯ ಬಂದ ಹಾಗೆ. ಅಳಿಯನ ಉಪಚಾರ ಮುಗಿಯೋವರೆಗೂ ಮನೆಯ ಬೇರೆ ಕೆಲಸವೆಲ್ಲ ಹಿಂದೆ. ಕೊಬ್ಬು ಕರಗಿಸೋದೂ ಆ ಹಿಂದೆ ಬಿದ್ದ ಕೆಲಸಗಳಲ್ಲಿ ಒಂದು. ಒಂದು ಸ್ಮಾಲ್ ಪೆಗ್, ಅಂದರೆ 30 ಎಂಎಲ್, ಇಳಿಯೋಕೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ನಿಮ್ಮ ಮೂರು ಪೆಗ್ ಲಾರ್ಜ್ ಆಗಿದ್ದರೆ ಆರು ಸ್ಮಾಲ್, ಅಂದರೆ ರಾತ್ರಿಯೆಲ್ಲ ಅಳಿಯನ ಸೇವೆ. ಅಷ್ಟೊತ್ತಿಗೆ ನೀವು ತಿಂದ ಕಬಾಬಿನ ಎಣ್ಣೆ ಎಲ್ಲಿಗೆ ಹೋಗಬೇಕು? ಸೊಂಟಕ್ಕೆ.

ಗಿರ್ಮಿಟ್‌ಪ್ರಿಯ ಅವರೇ, ನಿಮ್ಮಜ್ಜ ಸಾರಾಯಿ ಕುಡಿದು ಬೆಳಿಗ್ಗೆ ಎತ್ತು ಕಟ್ಟಿ ಹೊಲಕ್ಕೆ ಹೋಗುತ್ತಿದ್ದರು. ನೀವು ಬಿಯರ್ ಕುಡಿದು ಬೆಳಿಗ್ಗೆ ಯಾವುದರ ಮೇಲೆ ಕೂರುತ್ತೀರಿ? ಅಜ್ಜನ ಹೊಟ್ಟೆ ಕಾಣಲಿಲ್ಲ, ಸರಿ. ಲಿವರ್ ಯಾರಾದರೂ ನೋಡಿದ್ದರಾ?

ಗಿರ್ಮಿಟ್‌ಪ್ರಿಯ

ಗೇಮಿಂಗ್ ಚೇರ್ ಮ್ಯಾಲೆ ಕುಂದರ್ತೀನ್ರಿ ಅಕ್ಕಾರ. ತಪ್ಪಾತು.

ಡಂಬೆಲ್_ದೇವಯ್ಯ (ಮಂಡ್ಯ)

ಗುರು, ನೀನು ಮೂರು ಪೆಗ್ ಅಂದೆ. ಜೊತೆಗೆ ನಂಜಿಕೊಳ್ಳೋಕೆ ಏನು ಅಂತ ಹೇಳಲೇ ಇಲ್ಲ. ಅಲ್ಲೇ ಇದೆ ಕಥೆ. ಮೊನ್ನೆ ಶನಿವಾರ ಟೇಬಲ್ ಮೇಲೆ ಏನೇನಿತ್ತು, ಪೂರ್ತಿ ಬರಿ.

ಸೋಡಾಬುಡ್ಡಿ

ಸರಿ, ಮುಚ್ಚುಮರೆ ಇಲ್ಲ. ಮೂರು ಲಾರ್ಜ್, ಎರಡು 250 ಎಂಎಲ್ ಕೋಲಾ ಬಾಟಲಿಯಲ್ಲಿ ಬೆರೆಸಿದ್ದು. ಕಾಂಗ್ರೆಸ್ ಕಡಲೆಬೀಜ, ನನ್ನ ಪಾಲಿಗೆ ಎರಡು ಹಿಡಿ. ಒಂದು ಪ್ಲೇಟ್ ಚಿಕನ್ ಕಬಾಬ್. ಕೊನೆಗೆ ಒಂದು ಎಗ್ ಫ್ರೈಡ್ ರೈಸ್. ಮನೆಗೆ ಬಂದು ಊಟ ಮಾಡಲಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ದಯವಿಟ್ಟು.

ಡಂಬೆಲ್_ದೇವಯ್ಯ

ಹಿಡಿದೆ. 180 ಎಂಎಲ್ ರಮ್ 425 ಕ್ಯಾಲೊರಿ. ಕೋಲಾ ಎರಡು, 210. ಕಡಲೆಬೀಜ 50 ಗ್ರಾಂ ಅಂದ್ರೂ 280. ಕಬಾಬ್ 400 ಅನ್ನು, ಆ ಎಣ್ಣೆ ಎಷ್ಟನೇ ಸಲ ಕಾದಿದ್ದು ಅನ್ನೋದು ಬೇರೆ ವಿಷಯ. ಎಗ್ ರೈಸ್ 550. ಒಟ್ಟು ಸುಮಾರು 1865. ಮನೆಯ ರಾತ್ರಿ ಊಟ 500 ಕಳೆದರೂ 1365 ಹೆಚ್ಚುವರಿ.

ನಿನ್ನ ಅರ್ಧ ಮುದ್ದೆ, ನಡಿಗೆ ಎಲ್ಲ ಸೇರಿ ದಿನಕ್ಕೆ 300 ಉಳಿತಾಯ ಅಂದ್ಕೋ. ಆರು ದಿನಕ್ಕೆ 1800. ಅದರಲ್ಲಿ 1365 ಒಂದೇ ಸಂಜೆ ಖರ್ಚು. ವಾರಕ್ಕೆ ಉಳಿದದ್ದು 400 ಚಿಲ್ಲರೆ. ಹನ್ನೆರಡು ವಾರಕ್ಕೆ 5000ಕ್ಕೆ ಸ್ವಲ್ಪ ಮೇಲೆ. ಒಂದು ಕೆಜಿ ಕೊಬ್ಬು ಅಂದ್ರೆ 7700. ಎಷ್ಟಾಯ್ತು? ಮುಕ್ಕಾಲು ಕೆಜಿ ಆಸುಪಾಸು. ನಿನ್ನ ತಕ್ಕಡಿ ಎಷ್ಟು ಹೇಳ್ತು? 800 ಗ್ರಾಂ. ತಕ್ಕಡಿ ಸುಳ್ಳು ಹೇಳಿಲ್ಲ ಗುರು.

ಸೋಡಾಬುಡ್ಡಿ

ಇದನ್ನು ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ಭಾನುವಾರ ಬೆಳಿಗ್ಗೆ 'ತಲೆ ಭಾರ' ಅಂತ ತಿನ್ನೋ ಮಸಾಲೆ ದೋಸೆ ನಿಮಗೆ ಹೇಳಿಲ್ಲ. ಹೇಳೋದೂ ಇಲ್ಲ.

ಮಲ್ಲಿಗೆಮೊಗ್ಗು (ಮೈಸೂರು)

ಆ ದೋಸೆನೇ ಮುಖ್ಯ ಸರ್, ಅದನ್ನು ಬಿಡಬೇಡಿ. ಅಂದರೆ ಲೆಕ್ಕದಿಂದ ಬಿಡಬೇಡಿ ಅಂತ.

ನಾನು ಬಿಯರ್ ಕುಡಿಯುತ್ತೇನೆ. ಹೆಂಗಸು, 36 ವರ್ಷ, ಇಬ್ಬರು ಮಕ್ಕಳು. ಜಿಮ್ ಫಾರ್ಮ್‌ನಲ್ಲಿ 'ಮದ್ಯಪಾನ' ಅನ್ನೋ ಕಡೆ 'ಇಲ್ಲ' ಅಂತ ಟಿಕ್ ಮಾಡಿದ್ದೆ. ಟ್ರೈನರ್ ಆರು ವಾರ ನನ್ನ ಅನ್ನ, ಚಪಾತಿ, ಬಾಳೆಹಣ್ಣು ಎಲ್ಲ ಕಿತ್ತುಕೊಂಡ. ಪಾಪ, ಅವನಿಗೆ ಕಾರಣ ಗೊತ್ತಿರಲಿಲ್ಲ.

ನನಗೆ ಅರ್ಥ ಆಗಿದ್ದು ಇಷ್ಟು. ಕುಡಿದ ರಾತ್ರಿ ನಿದ್ದೆ ಬೇಗ ಬರುತ್ತೆ, ಆದರೆ ಮೂರು ಗಂಟೆಗೆ ಎಚ್ಚರ. ಬಾಯಿ ಒಣಗಿರುತ್ತೆ, ಮತ್ತೆ ನಿದ್ದೆ ಹತ್ತಲ್ಲ. ಮರುದಿನ ವಾಕಿಂಗ್ ತಪ್ಪುತ್ತೆ. ಹನ್ನೊಂದು ಗಂಟೆಗೆ ಏನಾದರೂ ಉಪ್ಪು ಖಾರ ಎಣ್ಣೆ ಬೇಕೇ ಬೇಕು ಅನ್ನಿಸುತ್ತೆ. ಒಂದು ಬಿಯರ್ ಒಂದು ಸಂಜೆಯದ್ದಲ್ಲ, ಒಂದೂವರೆ ದಿನದ್ದು. ಈಗ ಕುಡಿಯೋದಾದರೆ ಸಂಜೆ ಏಳಕ್ಕೆ, ಒಂದು 330 ಎಂಎಲ್ ಪಿಂಟ್, ಮೊದಲೇ ಊಟ ಮಾಡಿ. ತಿಂಗಳಿಗೆ ಎರಡು ಸಲ.

ಗಿರ್ಮಿಟ್‌ಪ್ರಿಯ

ಮೇಡಂ, 650ರ ಸ್ಟ್ರಾಂಗ್ ಬಾಟಲಿಗೆ ಎಷ್ಟ್ರಿ ಲೆಕ್ಕ? ಕೇಳಾಕ ಹೆದರಿಕಿ ಆಗ್ತದ.

ಪಥ್ಯದಕ್ಕ

ಹೆದರಿಯೇ ಕೇಳಿ. ಶೇ. 7.5 ಇದ್ದರೆ ಆಲ್ಕೋಹಾಲಿನದ್ದೇ 270. ಬಾರ್ಲಿಯ ಪಿಷ್ಟ ಸ್ವಲ್ಪ ಉಳಿದಿರುತ್ತೆ, ಅದೂ ಸೇರಿ 350ರ ಹತ್ತಿರ. ಅಂದರೆ ಒಂದು ದೊಡ್ಡ ಮುದ್ದೆ, ಸಾರು ಬಿಟ್ಟು. ಮುದ್ದೆ ತಿಂದರೆ ಹೊಟ್ಟೆ ತುಂಬುತ್ತೆ, ಇನ್ನೊಂದು ಬೇಡ ಅನ್ನಿಸುತ್ತೆ. ಬಿಯರ್ ಕುಡಿದರೆ ಇನ್ನೊಂದು ಬೇಕು ಅನ್ನಿಸುತ್ತೆ.

ಕಡಲತಡಿ (ಮಂಗಳೂರು)

ರೆಡ್ ವೈನ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೇನೆ. ನಮ್ಮದು ಕ್ರಿಸ್ಮಸ್‌ಗೆ ಮನೆಯಲ್ಲೇ ವೈನ್ ಹಾಕುವ ಮನೆ. ನಮ್ಮ ಮಮ್ಮಿಯ ಅಳತೆ: ಕಪ್ಪು ದ್ರಾಕ್ಷಿ ಒಂದು ಕೆಜಿ, ಸಕ್ಕರೆ ಒಂದು ಕೆಜಿ, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟ್, ಲವಂಗ, ಚಕ್ಕೆ. ಭರಣಿಯಲ್ಲಿ 21 ದಿನ, ದಿನಾ ಮರದ ಸೌಟಿನಲ್ಲಿ ಒಮ್ಮೆ ತಿರುಗಿಸಬೇಕು. ಸೋಸಿ ಬಾಟಲಿಗೆ ತುಂಬಿ ಇಟ್ಟರೆ ಡಿಸೆಂಬರ್‌ಗೆ ಮಾಣಿಕ್ಯದ ಬಣ್ಣ.

ಒಂದಕ್ಕೊಂದು ಸಕ್ಕರೆ! ಈಸ್ಟ್ ತಿಂದು ಮುಗಿಸುವುದು ಒಂದಷ್ಟು. ತಿಂದದ್ದು ಆಲ್ಕೋಹಾಲ್ ಆಗ್ತದೆ, ತಿನ್ನದೆ ಉಳಿದದ್ದು ಸಕ್ಕರೆಯಾಗಿಯೇ ಉಳೀತದೆ. ಎರಡೂ ನಿಮ್ಮ ಹೊಟ್ಟೆಗೇ. ಕುಸ್ವಾರ್ (ಕ್ರಿಸ್ಮಸ್ ತಿಂಡಿ) ತಟ್ಟೆಯ ಜೊತೆ ಸಣ್ಣ ಗ್ಲಾಸಿನಲ್ಲಿ ಕುಡಿಯುವುದು ಅದಕ್ಕೇ. ಅದು ಪಾನೀಯ ಅಲ್ಲ, ಸಿಹಿತಿಂಡಿ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪೋರ್ಟ್ ವೈನ್ ಕೂಡ ಹಾಗೆಯೇ, ಸಿಹಿ. ಕೊಡಗಿಗೆ ಹೋದವರು ತರುವ ಹಣ್ಣಿನ ವೈನ್‌ಗಳೂ ಬಹಳಷ್ಟು ಅದೇ ಜಾತಿ.

ತೂಕದ ಲೆಕ್ಕದಲ್ಲಿ ಕುಡಿಯುವುದಿದ್ದರೆ ಡ್ರೈ ವೈನ್. ಸಿಹಿ ಇಲ್ಲದ್ದು. ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯಿಂದ ಮಾಡಿದ್ದೇ ಸಿಗ್ತದೆ. ಮೊದಲ ಗುಟುಕಿಗೆ ಹುಳಿ, ಒಗರು. ನಮ್ಮ ಡ್ಯಾಡಿ ಕುಡಿದು 'ಇದು ಹಾಳಾಗಿದೆ' ಅಂತ ಹೇಳಿದ್ದರು.

ಸೋಡಾಬುಡ್ಡಿ

ಡ್ರೈ ವೈನ್ ಆದರೆ ಎಷ್ಟು ಬೇಕಾದರೂ ಕುಡಿಯಬಹುದಾ ಮೇಡಂ?

ಕಡಲತಡಿ

ಅಯ್ಯೋ ಮಾರಾಯ್ರೆ. 150 ಎಂಎಲ್‌ಗೆ 120 ಕ್ಯಾಲೊರಿ ಅಂತ ಇಟ್ಟುಕೊಳ್ಳಿ. ಒಂದು ಬಾಟಲಿ 750, ಅಂದರೆ ಐದು ಗ್ಲಾಸ್, 600. ಬಾಟಲಿ ತೆಗೆದ ಮೇಲೆ ಹಾಳಾಗ್ತದೆ ಅಂತ ಮುಗಿಸುವವರು ನಾವು. ಅಲ್ಲೇ ಕಷ್ಟ.

ಲೀಡ್ಸ್‌ಗೆ_ಬಂದ_ಬಸವ (ಇಂಗ್ಲೆಂಡ್)

ಇಲ್ಲಿ ಅದೇ ನನ್ನ ಕಥೆ. ಪಬ್‌ನಲ್ಲಿ ವೈನ್ ಕೇಳಿದರೆ 'ಮೀಡಿಯಮ್ಮಾ, ಲಾರ್ಜಾ' ಅಂತಾರೆ. ಮೀಡಿಯಂ ಅಂದರೆ 175 ಎಂಎಲ್, ಲಾರ್ಜ್ ಅಂದರೆ 250. ಲಾರ್ಜ್ ಒಂದಕ್ಕೆ ಬಾಟಲಿಯ ಮೂರನೇ ಒಂದು ಭಾಗ ಖಾಲಿ. ನಾನು ವರ್ಷಗಟ್ಟಲೆ 'ದಿನಾ ಒಂದೇ ಗ್ಲಾಸ್' ಅಂತ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದೆ.

ಸ್ಪಿರಿಟ್ ಮಾತ್ರ ಉಲ್ಟಾ. ಇಲ್ಲಿನ ಸಿಂಗಲ್ ಸಾಮಾನ್ಯವಾಗಿ 25 ಎಂಎಲ್, ಅದೂ ಶೇ. 40ರ ಆಸುಪಾಸಿನದ್ದು. ನಮ್ಮೂರಿನ ಸ್ಮಾಲ್‌ಗಿಂತ ಚಿಕ್ಕದು. ಇಲ್ಲಿನ ಸರ್ಕಾರ ವಾರಕ್ಕೆ 14 ಯೂನಿಟ್ ದಾಟಬೇಡಿ ಅನ್ನುತ್ತೆ. ಒಂದು ಯೂನಿಟ್ ಅಂದರೆ 8 ಗ್ರಾಂ ಆಲ್ಕೋಹಾಲ್. ಊರಿಗೆ ಬಂದಾಗ ಮಾವನ ಮನೆಯಲ್ಲಿ ಒಂದು ಸಂಜೆಗೆ ವಾರದ ಕೋಟಾ ಮುಗಿದಿರುತ್ತೆ. ಮಾವ ಸುರಿಯೋ ಪೆಗ್‌ಗೆ ಅಳತೆ ಇಲ್ಲ, ಪ್ರೀತಿ ಮಾತ್ರ ಇದೆ.

ಪಥ್ಯದಕ್ಕ

'ಹೃದಯಕ್ಕೆ ಒಳ್ಳೇದು' ಅನ್ನೋ ಮಾತಿಗೆ ಬರುತ್ತೇನೆ. 90ರ ದಶಕದಲ್ಲಿ ಅದು ದೊಡ್ಡ ಸುದ್ದಿ ಆಗಿತ್ತು. ಫ್ರಾನ್ಸಿನವರು ಬೆಣ್ಣೆ ತಿಂದರೂ ಅವರಲ್ಲಿ ಹೃದ್ರೋಗ ಕಮ್ಮಿ, ಕಾರಣ ರೆಡ್ ವೈನ್ ಅಂತ. ಈಗ ಯಾರೂ ಅಷ್ಟು ಧೈರ್ಯವಾಗಿ ಹೇಳಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿಯೇ ಹೇಳಿತು, ಆರೋಗ್ಯಕ್ಕೆ ಸುರಕ್ಷಿತ ಅನ್ನುವ ಮದ್ಯದ ಪ್ರಮಾಣ ಯಾವುದೂ ಇಲ್ಲ. ಕುಡಿಯದವರು ಹೃದಯಕ್ಕಾಗಿ ಶುರು ಮಾಡೋದು ಬೇಡ. ದ್ರಾಕ್ಷಿ ತಿನ್ನಿ.

ಫ್ಯಾಟಿ ಲಿವರ್ ಅಂತ ರಿಪೋರ್ಟ್ ಬಂದವರಿಗೆ ನನ್ನ ಸಲಹೆ ನೇರನುಡಿ ಅವರದ್ದೇ. ಅವರಷ್ಟು ಚಿಕ್ಕದಾಗಿ ಹೇಳೋಕೆ ನನಗೆ ಬರಲ್ಲ.

ನೇರನುಡಿ

ಧನ್ಯವಾದ.

ಸಕ್ಕರೆನಾಡು_ಸಕ್ಕರೆರೋಗಿ (ಮದ್ದೂರು)

ನಾನು ಶುಗರ್ ಪೇಷೆಂಟ್. ಮೆಟ್‌ಫಾರ್ಮಿನ್ ಜೊತೆಗೆ ಇನ್ನೊಂದು ಮಾತ್ರೆ ಇದೆ. ತೂಕ ಇಳಿಸಬೇಕು ಅಂತ ಒಂದು ದಿನ ಊಟ ಬಿಟ್ಟು ಎರಡು ಪೆಗ್ ಮಾತ್ರ ಹಾಕಿದೆ. ಕ್ಯಾಲೊರಿ ಉಳಿಯಿತಲ್ಲ ಅಂತ. ರಾತ್ರಿ ಒಂದು ಗಂಟೆಗೆ ಮೈಯೆಲ್ಲ ಬೆವರು, ಮಾತು ತೊದಲು. ಮನೆಯವರು ಕುಡಿದದ್ದಕ್ಕೆ ಹೀಗೆ ಅಂದುಕೊಂಡು ಬೈದು ಮಲಗಿದರು. ಮಗಳಿಗೆ ಅನುಮಾನ ಬಂದು ಶುಗರ್ ನೋಡಿದರೆ 48ಕ್ಕೆ ಇಳಿದಿತ್ತು. ಗ್ಲೂಕೋಸ್ ಕುಡಿಸಿ ಉಳಿಸಿಕೊಂಡಳು.

ಪಥ್ಯದಕ್ಕ

ಇದನ್ನು ಎಲ್ಲರೂ ಎರಡು ಸಲ ಓದಿ. ರಕ್ತದಲ್ಲಿ ಸಕ್ಕರೆ ಇಳಿದಾಗ ಲಿವರ್ ತನ್ನ ಗೋದಾಮಿನಿಂದ ಬಿಡುಗಡೆ ಮಾಡಬೇಕು, ಸಾಲದಿದ್ದರೆ ಹೊಸದಾಗಿ ತಯಾರಿಸಬೇಕು. ಆಲ್ಕೋಹಾಲ್ ಆ ತಯಾರಿಕೆಗೇ ಅಡ್ಡ ಬರುತ್ತೆ. ಖಾಲಿ ಹೊಟ್ಟೆ, ಸಕ್ಕರೆ ಇಳಿಸೋ ಮಾತ್ರೆ ಅಥವಾ ಇನ್ಸುಲಿನ್, ಮೇಲೆ ಮದ್ಯ. ಮೂರೂ ಸೇರಬಾರದು. ಊಟ ಬಿಟ್ಟು ಅದರ ಲೆಕ್ಕದಲ್ಲಿ ಕುಡಿಯೋದು ಶುಗರ್ ಇಲ್ಲದವರಿಗೂ ಕೆಟ್ಟ ಅಭ್ಯಾಸ. ಹೆಂಗಸರ ಮೈಯಲ್ಲಿ ನೀರಿನಂಶ ಕಮ್ಮಿ ಇರೋದರಿಂದ ಅಷ್ಟೇ ಕುಡಿದರೂ ಬೇಗ ಏರುತ್ತೆ.

ಕಾಫಿತೋಟ (ಮಡಿಕೇರಿ ಹತ್ತಿರ)

ನೀವೆಲ್ಲ ಶನಿವಾರದ ಕಷ್ಟ ಹೇಳ್ತಿದ್ದೀರಿ. ನಮ್ಮಲ್ಲಿ ಮದುವೆಗೂ ಬೇಕು, ಹಬ್ಬಕ್ಕೂ ಬೇಕು. ಕೈಲ್ ಪೊಳ್ದ್ ಬಂತು ಅಂದರೆ ಪಂದಿ ಕರಿ, ಕಡಂಬುಟ್ಟು, ಜೊತೆಗೆ ಗ್ಲಾಸ್. ಬೇಡ ಅಂದರೆ ಮನೆಯವರಿಗೆ ಅವಮಾನ ಮಾಡಿದ ಹಾಗೆ.

ನಾನು ಕಂಡುಕೊಂಡ ಉಪಾಯ: ಕೈಯಲ್ಲಿ ಗ್ಲಾಸ್ ಖಾಲಿ ಇರಬಾರದು. ಖಾಲಿ ಗ್ಲಾಸ್ ಕಂಡರೆ ಯಾರಾದರೂ ತುಂಬಿಯೇ ತುಂಬುತ್ತಾರೆ. ಮೊದಲ ಸ್ಮಾಲ್ ಮುಗಿಸಿ ಅದೇ ಗ್ಲಾಸಿಗೆ ಸೋಡಾ, ನಿಂಬೆಹಣ್ಣು, ಚಿಟಿಕೆ ಉಪ್ಪು. ರಾತ್ರಿ ಹನ್ನೊಂದರವರೆಗೂ ಅದೇ. ಯಾರೂ ಕೇಳಲ್ಲ. ಎರಡು ವರ್ಷದಿಂದ ನಡೀತಿದೆ, ನನ್ನ ತಮ್ಮನಿಗೂ ಗೊತ್ತಿಲ್ಲ. ಅವನು ಇಲ್ಲಿ ಓದದಿದ್ದರೆ ಸಾಕು.

ಗಿರ್ಮಿಟ್‌ಪ್ರಿಯ

ಒಂದು ಮಾತು, ತಕ್ಕಡಿ ಬಗ್ಗೆ. ನಾನು ಭಾನುವಾರ ಬೆಳಿಗ್ಗೆ ತೂಕ ನೋಡಿದರೆ ಶನಿವಾರಕ್ಕಿಂತ ಅರ್ಧ ಕೆಜಿ ಕಮ್ಮಿ ಇರುತ್ತೆ! ಕುಡಿದರೆ ತೂಕ ಇಳಿಯುತ್ತೆ ಅಂತ ಗೆಳೆಯರಿಗೆಲ್ಲ ಹೇಳಿದ್ದೆ. ಮಂಗಳವಾರ ನೋಡಿದರೆ ಒಂದು ಕೆಜಿ ಜಾಸ್ತಿ.

ಡಂಬೆಲ್_ದೇವಯ್ಯ

ಅದು ನೀರು ಗುರು. ಕುಡಿದಾಗ ಮೂತ್ರ ಜಾಸ್ತಿ ಹೋಗುತ್ತೆ, ಬೆಳಿಗ್ಗೆ ಮೈ ಒಣಗಿರುತ್ತೆ. ಆಮೇಲೆ ಚಾಕ್ನಾದ (ನಂಜಿಕೊಳ್ಳೋ ತಿಂಡಿಯ) ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಭಾನುವಾರದ ತೂಕ ನೋಡಿ ಖುಷಿನೂ ಪಡಬೇಡ, ಮಂಗಳವಾರದ್ದು ನೋಡಿ ಅಳಲೂ ಬೇಡ. ಶನಿವಾರ ಬೆಳಿಗ್ಗೆ ನೋಡು. ವಾರಕ್ಕೊಮ್ಮೆ ಸಾಕು.

ಹೆಸರು_ಬೇಡ

ಇಲ್ಲಿ ಎಲ್ಲರೂ ಶನಿವಾರದ ಬಗ್ಗೆ ಮಾತಾಡ್ತಿದ್ದೀರಿ. ನನಗೆ ದಿನಾ ಕ್ವಾಟ್ರು ಬೇಕು. ತೂಕ ಇಳಿಸೋ ನೆಪದಲ್ಲಾದರೂ ನಿಲ್ಲಿಸೋಣ ಅಂತ ಮೂರು ಸಲ ನೋಡಿದೆ. ಬೆಳಿಗ್ಗೆ ಕೈ ನಡುಗುತ್ತೆ, ಲೋಟ ಹಿಡಿಯೋಕಾಗಲ್ಲ. ನಾಳೆಯಿಂದ ಒಂದೇ ಸಲ ಬಿಡ್ತೀನಿ.

ಪಥ್ಯದಕ್ಕ

ದಯವಿಟ್ಟು ಒಂದೇ ಸಲ ಬಿಡಬೇಡಿ. ಕೈ ನಡುಗುತ್ತೆ ಅಂದರೆ ದೇಹ ಅದಕ್ಕೆ ಒಗ್ಗಿದೆ. ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಮಾತ್ರೆ ಕೊಟ್ಟು, ನೋಡಿಕೊಂಡು ಬಿಡಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಇವತ್ತು ರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್, ಸರ್ಕಾರದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೂಕ ಆಮೇಲೆ ನೋಡೋಣ.

ನೇರನುಡಿ

ಹೆಸರು ಬೇಡದ ಅಣ್ಣ, ನಾನು ಹಾಗೆ ಬಿಟ್ಟವನು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆ. ಅದಕ್ಕೇ ಮೇಲೆ ಅಷ್ಟು ಒರಟಾಗಿ ಬರೆದೆ. ಇನ್‌ಬಾಕ್ಸ್‌ಗೆ ಬನ್ನಿ, ಎಷ್ಟು ಹೊತ್ತಾದರೂ ಇರ್ತೀನಿ.

ಸೋಡಾಬುಡ್ಡಿ · ಅಕ್ಟೋಬರ್, ದಸರಾ ಮುಗಿದ ವಾರ

ಎಲ್ಲರೂ ಕೇಳ್ತಿದ್ದೀರಿ, ಹೇಳ್ತೀನಿ. ಇವತ್ತು ಬೆಳಿಗ್ಗೆ 83.1. ಸೊಂಟ 98. ಎಂಟು ವಾರ. ದಸರೆಗೆ ಅತ್ತೆ ಮನೆಗೆ ಹೋಗಿದ್ದೆ, ಆ ವಾರ ಒಂದು ಗ್ರಾಂ ಕೂಡ ಇಳಿದಿಲ್ಲ. ಹೋಳಿಗೆಗೆ ಯಾರೂ ಚರ್ಚೆ ಶುರು ಮಾಡಿಲ್ಲ ನೋಡಿ.

ಪೂರ್ತಿ ಬಿಟ್ಟಿಲ್ಲ, ಪಥ್ಯದಕ್ಕ ಬೈದುಕೊಳ್ಳಲಿ. ತಿಂಗಳಿಗೆ ಎರಡು ಸಲ, ಎರಡು ಸ್ಮಾಲ್, ಸೋಡಾದಲ್ಲಿ. ಮನೆಯಲ್ಲಿ ಊಟ ಮಾಡಿಕೊಂಡೇ ಹೋಗ್ತೀನಿ. ಟೇಬಲ್ ಮೇಲೆ ಸೌತೆಕಾಯಿ. ಮೊದಲ ಸಲ ಸೌತೆಕಾಯಿ ಹೇಳಿದಾಗ ಸಪ್ಲೈಯರ್ 'ಸಾರ್ ಹುಷಾರಿಲ್ವಾ?' ಅಂತ ಕೇಳಿದ. ಮುಂದಿನ ತಿಂಗಳು ಲಿವರ್ ಸ್ಕ್ಯಾನ್ ಇನ್ನೊಮ್ಮೆ ಇದೆ. ಅದು ಏನು ಹೇಳುತ್ತೋ ಅದರ ಮೇಲೆ ಈ ಎರಡೂ ಉಳಿಯುತ್ತೋ ಇಲ್ಲವೋ ಗೊತ್ತಾಗುತ್ತೆ.

ಒಂದು ಪ್ರಯೋಗ ಮಾಡಿದೆ. ಬಾರ್‌ನಲ್ಲಿ ಪೆಗ್ ಅಳೆದು ಹಾಕ್ತಾರೆ, ಮನೆಯಲ್ಲಿ ನಾನು ಕಣ್ಣಳತೆ. ನೀರು ತೊಗೊಂಡು ಯಾವಾಗಲೂ ಹಾಕೋ ಹಾಗೆ ಸ್ಟೀಲ್ ಲೋಟಕ್ಕೆ 'ಒಂದು ಸ್ಮಾಲ್' ಸುರಿದೆ. ಆಮೇಲೆ ಮಗನ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದೆ. ಅದರಲ್ಲಿ 10 ಎಂಎಲ್ ಗೆರೆ ಇರುತ್ತೆ. ಒಂದು ಮುಚ್ಚಳ, ಎರಡು, ಮೂರು. ಲೋಟದಲ್ಲಿ ಇನ್ನೂ ಇತ್ತು. ನಾಲ್ಕು. ಐದನೆಯದು ಗೆರೆಗಿಂತ ಒಂದು ಕೂದಲೆಳೆ ಕೆಳಗೆ. ನನ್ನ 30 ಎಂಎಲ್ ಅಂದರೆ 48. ಇಷ್ಟು ವರ್ಷ ನಾನು ಎರಡು ಪೆಗ್ ಅಂತ ಹೇಳಿದ್ದೆಲ್ಲ ಮೂರು.

ಲೀಡ್ಸ್‌ಗೆ_ಬಂದ_ಬಸವ

ನಮ್ಮ ಮಾವನಿಗೆ ಆ ಮುಚ್ಚಳ ಒಂದು ಕಳಿಸಿಕೊಡಿ ಸರ್.

ಸೋಡಾಬುಡ್ಡಿ

ಆಗಲ್ಲ. ನಿನ್ನೆ ರಾತ್ರಿ ಮಗನಿಗೆ ನಿಜವಾಗ್ಲೂ ಕೆಮ್ಮು ಬಂತು. ಮುಚ್ಚಳ ಎಲ್ಲಿ ಅಂತ ಮನೆಯವಳು ಇಡೀ ಮನೆ ಹುಡುಕಿ, ಕೊನೆಗೆ ನನ್ನ ಬಾಟಲಿ ಹಿಂದೆ ಸಿಕ್ಕಿತು. ಈಗ ಅದು ಅವಳ ಬೀರುವಿನಲ್ಲಿದೆ, ಬೀಗ ಹಾಕಿದೆ. ಬಾಟಲಿಯೂ ಅಲ್ಲೇ ಇದೆ.